ಹೌದು, ಕಾಪಿನೇ. ಮುಂದೆ?

ನಾನು ಕಲೆಯ ಇತಿಹಾಸ ಪಾಠ ಮಾಡುತ್ತೇನೆ, ಅದರಲ್ಲೂ ಯುರೋಪಿನದು. ಇಷ್ಟು ಗೊತ್ತಾದರೆ ಸಾಕು, ಜನ ಕೇಳುವುದು ಒಂದೇ. “ಈ ಕ್ಲಾಸಿಸಿಸಂ ಅಂತೀರಲ್ಲ, ಅದು ಹಳೇ ಗ್ರೀಕರದ್ದು, ರೋಮನ್ನರದ್ದು ಕಾಪಿ ಹೊಡೆಯೋದು ತಾನೇ?” ಮದುವೆ ಊಟದಲ್ಲಿ ಕೇಳಿದ್ದಾರೆ. ಬ್ಯಾಂಕಿನ ಕ್ಯೂನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದ್ದಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಹೌದು, ಕಾಪಿನೇ. ಹಳೇ ಗ್ರೀಕ್, ರೋಮನ್ ಕಲೆಯನ್ನೇ ಮಾದರಿ ಅಂದುಕೊಂಡ ಈ ಕ್ಲಾಸಿಸಿಸಂನವರೇ ಬಾಯಿಬಿಟ್ಟು ಹೇಳಿಕೊಂಡಿದ್ದಾರೆ. ವಿಂಕೆಲ್ಮನ್ ಅಂತ ಒಬ್ಬ ಜರ್ಮನ್ ವಿದ್ವಾಂಸ 1755ರಲ್ಲಿ ಒಂದು ಪುಟ್ಟ ಪುಸ್ತಕ ಬರೆದ. ನಾವು ದೊಡ್ಡವರಾಗಬೇಕಾದರೆ ಹಳಬರನ್ನು ಅನುಕರಿಸುವುದೊಂದೇ ದಾರಿ ಅಂದ. ಮುಚ್ಚುಮರೆ ಏನಿಲ್ಲ. ಹಾಗಾಗಿ ಕಳ್ಳನನ್ನು ಕೈಯಾರೆ ಹಿಡಿದವರ ಹಾಗೆ ನಗುವುದು ಬೇಡ. ನನಗೆ ಪ್ರಶ್ನೆಗಿಂತ ಆ ನಗು ಕಂಡರೇ ಜಾಸ್ತಿ ಸಿಟ್ಟು.

ಒಮ್ಮೆ ಪರಿಚಯದವರ ಗೃಹಪ್ರವೇಶಕ್ಕೆ ಹೋಗಿದ್ದೆ. ಮನೆ ಮುಂದೆ ಎರಡು ರೋಮನ್ ಕಂಬ. ತುದಿಯಲ್ಲಿ ಎಲೆ ಎಲೆ ಡಿಸೈನು, ಅದಕ್ಕೆ ಚಿನ್ನದ ಬಣ್ಣ. ಯಜಮಾನರು ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಟೊಳ್ಳು ಸದ್ದು ಬಂತು. ಹೊರಗಡೆ ಫೈಬರ್, ಒಳಗೆ ಮಾಮೂಲಿ ಪಿಲ್ಲರ್. “ನಿಮ್ಮ ಸಬ್ಜೆಕ್ಟು ಸಾರ್ ಇದು! ನಾವು ಅವರದ್ದು ಕಾಪಿ, ಅವರು ಇನ್ಯಾರದ್ದೋ ಕಾಪಿ. ಎಲ್ಲಾ ಒಂದೇ ಅಲ್ವಾ?” ಸುತ್ತ ಇದ್ದವರು ನಕ್ಕರು. ನಾನೂ ಹಲ್ಲು ಕಿರಿದೆ. ಊಟ ಇನ್ನೂ ಆಗಿರಲಿಲ್ಲ.

ಒಂದೇ ಅಲ್ಲ ಸ್ವಾಮಿ. ನಿಮ್ಮ ಕೈಲಿ ಕ್ಯಾಟಲಾಗ್ ಇತ್ತು. ಈ ಡಿಸೈನು, ಇಷ್ಟು ಅಡಿ ಅಂತ ಬೆರಳಿಟ್ಟು ತೋರಿಸಿದಿರಿ, ಅದೇ ಲಾರಿಯಲ್ಲಿ ಬಂದು ಇಳಿಯಿತು. ಯುರೋಪಿನವರ ಕೈಲಿ ಇದ್ದದ್ದು ಚೂರುಪಾರು. ಅರ್ಧ ಮುರಿದದ್ದು, ಅರ್ಧ ಸುಟ್ಟದ್ದು, ಉಳಿದದ್ದು ಮಣ್ಣಿನಡಿ. ಮತ್ತೆ ಅವರು ಏನು ನೋಡಿಕೊಂಡು ಕಾಪಿ ಹೊಡೆದರು? ನನ್ನನ್ನು ಕೇಳಬೇಕಾದ ಪ್ರಶ್ನೆ ಇದು. ಇಲ್ಲಿಯವರೆಗೆ ಒಬ್ಬರೂ ಕೇಳಿಲ್ಲ. ನಾನೇ ಕೇಳಿಕೊಂಡು ನಾನೇ ಹೇಳುತ್ತೇನೆ.

1506ರ ಜನವರಿಯಲ್ಲಿ ರೋಮಿನ ಒಂದು ದ್ರಾಕ್ಷಿ ತೋಟದಲ್ಲಿ ಅಗೆಯುವಾಗ ಅಮೃತಶಿಲೆಯ ದೊಡ್ಡ ವಿಗ್ರಹವೊಂದು ಸಿಕ್ಕಿತು. ಟ್ರಾಯ್ ನಗರದ ಪುರೋಹಿತ ಲಾವೊಕೂನ್, ಅಕ್ಕಪಕ್ಕ ಇಬ್ಬರು ಗಂಡುಮಕ್ಕಳು, ಮೂವರಿಗೂ ಸುತ್ತಿಕೊಂಡ ಹಾವುಗಳು. ಸುದ್ದಿ ಕೇಳಿ ಮೈಕೆಲೆಂಜೆಲೊ ಓಡಿ ಬಂದ. ಪೋಪ್ ಎರಡನೇ ಜೂಲಿಯಸ್ ಕೊಂಡುಕೊಂಡ. ಎಲ್ಲ ಸರಿ, ಆದರೆ ಅಪ್ಪನ ಬಲಗೈ ಇರಲಿಲ್ಲ, ಮಕ್ಕಳ ಕೈಗಳೂ ಒಂದಷ್ಟು ಮುರಿದಿದ್ದವು. ಆ ಕೈ ಹೇಗಿತ್ತು ಅಂತ ವಾದ ಶುರುವಾಯಿತು. 1530ರ ದಶಕದಲ್ಲಿ ಮೊಂಟೊರ್ಸೊಲಿ ಎಂಬ ಶಿಲ್ಪಿ ತಾನೇ ಒಂದು ಕೈ ಮಾಡಿ ಜೋಡಿಸಿದ. ಆಕಾಶಕ್ಕೆ ಚಾಚಿದ ಕೈ, ಕೊನೆಯುಸಿರಿನವರೆಗೂ ಬಗ್ಗದ ವೀರನ ಕೈ. ಆಮೇಲೆ ಬಂದ ಕಲಾವಿದರು ಬಹುಪಾಲು ನೋಡಿದ್ದು, ಕಾಗದದ ಮೇಲೆ ಬರೆದುಕೊಂಡದ್ದು, ಅಚ್ಚು ತೆಗೆದದ್ದು ಈ ಕೈ ಚಾಚಿದ ಲಾವೊಕೂನನನ್ನೇ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲುಡ್ವಿಗ್ ಪೊಲಾಕ್ ಎಂಬ ತಜ್ಞನಿಗೆ ರೋಮಿನ ಒಬ್ಬ ಕಲ್ಲುಕುಟಿಗನ ಹತ್ತಿರ ಒಂದು ಮುರುಕು ಕೈ ಕಾಣಿಸಿತು. ಮೊಣಕೈ ಮಡಿಚಿತ್ತು. ಹಾವಿನ ತುಂಡು ಇನ್ನೂ ಅಂಟಿಕೊಂಡಿತ್ತು. ಅದೇ ಕಳೆದುಹೋದ ಕೈ ಅಂತ ಒಪ್ಪಿ ವ್ಯಾಟಿಕನ್ನಿನವರು ಜೋಡಿಸುವ ಹೊತ್ತಿಗೆ 1950ರ ದಶಕ ಮುಗಿಯುತ್ತ ಬಂದಿತ್ತು. ಈಗ ಅಲ್ಲಿ ಹೋಗಿ ನೋಡಿದರೆ ಕೈ ತಲೆಯ ಹಿಂದಕ್ಕೆ ಮಡಿಚಿದೆ. ಹಾವು ಗೆಲ್ಲುತ್ತಿದೆ, ಮನುಷ್ಯನ ಕೈಲಿ ಆಗುತ್ತಿಲ್ಲ. ಅಂದರೆ 400 ವರ್ಷ ಯುರೋಪು ಗ್ರೀಕರಿಂದ ಅಂತ ಕಲಿತ ವೀರಭಂಗಿ ಮೊಂಟೊರ್ಸೊಲಿಯದ್ದು. ವಿಂಕೆಲ್ಮನ್ ತನ್ನ ಪುಟ್ಟ ಪುಸ್ತಕದಲ್ಲಿ ಶಾಂತ ಘನತೆಗೆ ಉದಾಹರಣೆ ಕೊಟ್ಟದ್ದೂ ಇದೇ ವಿಗ್ರಹವನ್ನು. ಅದನ್ನು ಬರೆಯುವಾಗ ಅವನು ರೋಮಿಗೆ ಕಾಲಿಟ್ಟಿರಲಿಲ್ಲ. ಗ್ರೀಸಿಗಂತೂ ಸಾಯುವವರೆಗೂ ಹೋಗಲಿಲ್ಲ.

ಬಣ್ಣದ ಕಥೆ ನಿಮಗೆ ಗೊತ್ತಿರಬಹುದು. ಗ್ರೀಕರು ವಿಗ್ರಹಕ್ಕೂ ದೇವಸ್ಥಾನಕ್ಕೂ ಕೆಂಪು, ನೀಲಿ ಬಳಿಯುತ್ತಿದ್ದರು. ಮಳೆಗಾಳಿಗೆ ಅದು ಹೋಯಿತು. ಉಳಿದ ಬಿಳಿಯನ್ನೇ ಜನ ಸೌಂದರ್ಯ ಅಂದುಕೊಂಡರು. 1930ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇವಸ್ಥಾನದ ಶಿಲ್ಪಗಳು ಇನ್ನೂ ಬೆಳ್ಳಗೆ ಕಾಣಲಿ ಅಂತ ತಾಮ್ರದ ಉಳಿಯಿಂದ ಕೆರೆದರು, ನಮ್ಮಲ್ಲಿ ಸೀದ ಪಾತ್ರೆ ಕೆರೆಯುವ ಹಾಗೆ. ಬೆಂಗಳೂರಿನ ಅಠಾರಾ ಕಚೇರಿಯೂ ಗ್ರೀಕ್-ರೋಮನ್ ಶೈಲಿಯದ್ದು, 1868ರದ್ದು. ಅದನ್ನು ಕೆಂಪಗೆ ನೋಡಿ ಮೂಗು ಮುರಿಯುವವರಿದ್ದಾರೆ. ಬಣ್ಣದ ವಿಷಯದಲ್ಲಿ ಅದೇ ಹಳಬರಿಗೆ ಹತ್ತಿರ!

ಇನ್ನು ಸಂಗೀತ. ಇಲ್ಲಿ ತಮಾಷೆ ಇನ್ನೂ ಜಾಸ್ತಿ. ಮುರಿದ ಕೈಯಾದರೂ ಸಿಗಬಹುದು, ಮುಗಿದ ಹಾಡು ಎಲ್ಲಿಂದ ಸಿಗಬೇಕು? 16ನೇ ಶತಮಾನದ ಕೊನೆಗೆ ಫ್ಲಾರೆನ್ಸಿನಲ್ಲಿ ಬಾರ್ದಿ ಎಂಬ ಶ್ರೀಮಂತನ ಮನೆಯಲ್ಲಿ ಒಂದಷ್ಟು ಜನ ಸೇರುತ್ತಿದ್ದರು. ವಿಂಚೆಂಜೊ ಗೆಲಿಲಿ ಅವರಲ್ಲೊಬ್ಬ. ದೂರದರ್ಶಕದ ಗೆಲಿಲಿಯೊ ಇದ್ದಾನಲ್ಲ, ಅವನ ಅಪ್ಪ. 1581ರಲ್ಲಿ ಅವನು ಹಳೆಯ ಗ್ರೀಕ್ ಸ್ತೋತ್ರಗಳನ್ನು ಸ್ವರಲಿಪಿ ಸಮೇತ ಅಚ್ಚು ಹಾಕಿಸಿದ. ಹಾಡಿ ತೋರಿಸೋಕೆ ಅವನಿಗೂ ಬರುತ್ತಿರಲಿಲ್ಲ, ಬೇರೆಯವರಿಗೂ ಬರುತ್ತಿರಲಿಲ್ಲ. ಗ್ರೀಕ್ ನಾಟಕವನ್ನು ಮೊದಲಿಂದ ಕೊನೆಯವರೆಗೆ ಹಾಡುತ್ತಿದ್ದರು ಅಂತ ಈ ಬಳಗದವರ ನಂಬಿಕೆ. ಅದು ಪೂರ್ತಿ ಸರಿಯಲ್ಲ. ಅಲ್ಲಿ ಮೇಳದವರು ಹಾಡುತ್ತಿದ್ದರು, ಪಾತ್ರಧಾರಿಗಳು ಬಹಳಷ್ಟು ಮಾತೇ ಆಡುತ್ತಿದ್ದರು. ಆದರೆ ಆ ನಂಬಿಕೆಯಿಂದಲೇ ಮಾತಿಗೂ ಹಾಡಿಗೂ ನಡುವಿನ ಒಂದು ಧಾಟಿ ಹುಟ್ಟಿತು. ಪೇರಿ ಎಂಬಾತ 1600ರಲ್ಲಿ ರಾಜಮನೆತನದ ಮದುವೆಯೊಂದಕ್ಕೆ ಅದೇ ಧಾಟಿಯಲ್ಲಿ ‘ಯೂರಿಡಿಚೆ’ ಮಾಡಿದ. ಪೂರ್ತಿ ಉಳಿದಿರುವ ಆಪೆರಾಗಳಲ್ಲಿ, ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳಲ್ಲಿ, ಅದೇ ಹಳೆಯದು. ಗ್ರೀಕರು ಕೇಳಿದ್ದರೆ ಇದೇನಪ್ಪ ಅನ್ನುತ್ತಿದ್ದರು.

ಸಾಹಿತ್ಯದಲ್ಲೂ ಹೀಗೇ. ನಾಟಕ ಒಂದೇ ಜಾಗದಲ್ಲಿ, ಒಂದೇ ದಿನದಲ್ಲಿ ಮುಗಿಯಬೇಕು ಅನ್ನುವುದು ಅರಿಸ್ಟಾಟಲ್ ನಿಯಮ ಅಂತ ಫ್ರಾನ್ಸಿನಲ್ಲಿ 1637ರಲ್ಲಿ ಕಾರ್ನೇಯ್ ಎಂಬ ನಾಟಕಕಾರನ ನಾಟಕದ ಮೇಲೆ ದೊಡ್ಡ ಜಗಳವೇ ಆಯಿತು. ಅರಿಸ್ಟಾಟಲ್ ಜಾಗದ ಬಗ್ಗೆ ಅಂಥ ನಿಯಮ ಮಾಡಿಯೇ ಇಲ್ಲ. ದಿನದ ಲೆಕ್ಕ ಹಾದಿಯಲ್ಲಿ ಹೇಳಿ ಹೋದ ಮಾತು. ಅದನ್ನೆಲ್ಲ ಕಟ್ಟುನಿಟ್ಟು ಮಾಡಿದವನು ಇಟಲಿಯ ಕಾಸ್ತೆಲ್ವೆತ್ರೊ, 1570ರಲ್ಲಿ. ಇಲ್ಲದ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ ಇನ್ನೊಬ್ಬ ಫ್ರೆಂಚ್ ನಾಟಕಕಾರ ರಸೀನ್ 1677ರಲ್ಲಿ ‘ಫೇದ್ರ್’ ಬರೆದ. ಅದನ್ನು ಓದಿ ನೋಡಿ, ಆಮೇಲೆ ಕಾಪಿ ಅನ್ನಿ.

1920ರಲ್ಲಿ ರಷ್ಯಾದ ಸಂಗೀತಗಾರ ಸ್ಟ್ರಾವಿನ್ಸ್ಕಿಯೂ ಹೀಗೇ ‘ಪುಲ್ಚಿನೆಲ್ಲಾ’ ಎಂಬ ಬ್ಯಾಲೆ ನೃತ್ಯಕ್ಕೆ 18ನೇ ಶತಮಾನದ ಇಟಲಿಯ ಪೆರ್ಗೊಲೆಸಿಯ ಹಳೆಯ ಸಂಗೀತ ಎತ್ತಿಕೊಂಡ. ಅದರಲ್ಲಿ ಎಷ್ಟೋ ಪೆರ್ಗೊಲೆಸಿಯದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನಾನಂತೂ ಪಾಠದಲ್ಲಿ ಇದನ್ನು ಹೇಳುವಾಗ ನಗು ತಡೆಯುವುದಿಲ್ಲ.

“ಇದೆಲ್ಲ ಅವರದ್ದಾಯಿತು, ನಮಗೇನು?” ಅಂತ ಇನ್ನೊಂದು ಪ್ರಶ್ನೆ ಹಿಂದೆಯೇ ಬರುತ್ತದೆ. ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ ತೆಗೆದು ನೋಡಿ. 1929ರ ನಾಟಕ. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ಅಜಾಕ್ಸ್’ ನಾಟಕದ ಚೌಕಟ್ಟಿಗೆ ನಮ್ಮ ಮಹಾಭಾರತದ ಅಶ್ವತ್ಥಾಮನನ್ನು ತಂದು ಕೂರಿಸಿದರು. ಅಜಾಕ್ಸ್ ತನ್ನ ಕೈಯಾರೆ ಸಾಯುತ್ತಾನೆ, ಹಾಗಾಗಿ ಇಲ್ಲಿ ಅಶ್ವತ್ಥಾಮನೂ ಸಾಯಬೇಕಾಯಿತು. ಅವನೋ ಚಿರಂಜೀವಿ! ಚಿರಂಜೀವಿಯನ್ನು ಕೊಂದುಬಿಟ್ಟರಲ್ಲ ಅಂತ ಆಕ್ಷೇಪ ಎದ್ದಿತು. ಈಗ ನೀವೇ ಹೇಳಿ, ಬಿ.ಎಂ.ಶ್ರೀ. ಮೇಲೆ ಯಾವ ದೂರು ಹಾಕುತ್ತೀರಿ? ಗ್ರೀಕರದ್ದು ಕಾಪಿ ಹೊಡೆದರು ಅಂತಲೋ, ವ್ಯಾಸರದ್ದನ್ನು ಕೆಡಿಸಿದರು ಅಂತಲೋ? ಎರಡೂ ಹಾಕಬಹುದು, ಬೇಡ ಅನ್ನುವುದಿಲ್ಲ. ಆದರೆ ನಾಟಕ ಓದಿಕೊಂಡು ಬಂದು ಹಾಕಿ.