ಸುದ್ದಿ ಬರೆಯುವ ಮೊದಲು ಚಟುವಟಿಕೆ ಕಾಲಂ ಓದಿ

ಆರ್ಕ್ಟಿಕ್ ಮತ್ತು ಸಾಗರ ಹವಾಮಾನ ಸಂಶೋಧನೆಯ ಸುದ್ದಿಪತ್ರ ತಯಾರಿಸುವುದು ನನ್ನ ಕೆಲಸ. ಅದರಲ್ಲಿ ಎರಡು ಭಾಗ. ಒಂದು ಸುದ್ದಿ: ಹೊಸ ದಾಖಲೆ, ಹೊಸ ವರದಿ. ಇನ್ನೊಂದು ಚಟುವಟಿಕೆ: ಯಾವ ಹಡಗು ಹೊರಟಿತು, ಯಾವ ಉಪಕರಣ ಇಳಿಸಿದರು, ಯಾವುದನ್ನು ಮೇಲೆತ್ತಿದರು. ಹೊಸದಾಗಿ ಸೇರಿದವರೆಲ್ಲ ಮೊದಲ ಭಾಗಕ್ಕೇ ಕೈ ಹಾಕುತ್ತಾರೆ. ಎರಡನೆಯದನ್ನು ಸಪ್ಪೆ ಅಂತ ಬದಿಗಿಡುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ: ಅಂಕಿ ಹೇಗೆ ಅಳೆದರು ಅಂತ ಓದದೆ ಅಂಕಿಯ ಬಗ್ಗೆ ಬರೆಯಲು ಕೂರಬೇಡಿ.

ಸಮುದ್ರದ ಮಂಜುಗಡ್ಡೆಯನ್ನೇ ನೋಡಿ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಅದರ ವಿಸ್ತಾರ ತೀರಾ ಕೆಳಗಿಳಿಯುತ್ತದೆ, ಸುದ್ದಿಯೂ ಆಗುತ್ತದೆ. ಆ ವಿಸ್ತಾರ ಹೇಗೆ ಬರುತ್ತದೆ? ಅಮೆರಿಕದ ರಾಷ್ಟ್ರೀಯ ಹಿಮ ದತ್ತಾಂಶ ಕೇಂದ್ರದ ಲೆಕ್ಕದಲ್ಲಿ, ಉಪಗ್ರಹ ನೋಡುವ ಸಮುದ್ರವನ್ನು ಸುಮಾರು 25 ಕಿ.ಮೀ. ಉದ್ದಗಲದ ಚೌಕಗಳಾಗಿ ಹಂಚುತ್ತಾರೆ. ಒಂದು ಚೌಕ ಅಂದರೆ 625 ಚದರ ಕಿ.ಮೀ. ಅದರಲ್ಲಿ ಶೇ 15ರಷ್ಟು ಗಡ್ಡೆ ಇದ್ದರೆ ಸಾಕು, ಇಡೀ ಚೌಕ ಲೆಕ್ಕಕ್ಕೆ ಸೇರುತ್ತದೆ. ಶೇ 16 ಇದೆ ಅನ್ನಿ. ನಿಜವಾದ ಗಡ್ಡೆ 100 ಚದರ ಕಿ.ಮೀ., ಲೆಕ್ಕದಲ್ಲಿ 625. ಶೇ 14 ಇದ್ದರೆ ಸೊನ್ನೆ!

ಕೇಳಿದರೆ ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಕಾರಣ ಇದೆ. ಬೇಸಿಗೆಯಲ್ಲಿ ಗಡ್ಡೆಯ ಮೇಲೆ ಕರಗಿದ ನೀರು ಕೊಳಗಳಾಗಿ ನಿಲ್ಲುತ್ತದೆ. ಮೈಕ್ರೋವೇವ್ ಸೆನ್ಸರ್‌ಗೆ ಆ ಕೊಳವೂ ಒಂದೇ, ಗಡ್ಡೆಯಿಲ್ಲದ ಸಮುದ್ರವೂ ಒಂದೇ. ಹಾಗಾಗಿ ಗಡ್ಡೆಯನ್ನಷ್ಟೇ ಕೂಡಿಸಲು (ಕ್ಷೇತ್ರಫಲ ಅನ್ನುವುದು ಇದನ್ನೇ) ಹೊರಟರೆ ಇರುವುದಕ್ಕಿಂತ ಕಡಿಮೆ ಬರುತ್ತದೆ. ಚೌಕದ ಲೆಕ್ಕಕ್ಕೆ ಈ ತೊಂದರೆ ಅಷ್ಟು ತಟ್ಟುವುದಿಲ್ಲ. ಒಂದೇ ಅಳತೆಗೋಲು ಹಿಡಿದು ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಇದು ಗೊತ್ತಿದ್ದವರು ಒಂದು ಸಂಸ್ಥೆಯ ವಿಸ್ತಾರವನ್ನು ಇನ್ನೊಂದು ಸಂಸ್ಥೆಯ ಕ್ಷೇತ್ರಫಲದ ಪಕ್ಕ ಇಟ್ಟು ಶೀರ್ಷಿಕೆ ಕೊಡುವುದಿಲ್ಲ.

ಹಳೆಯ ಪ್ರಕಟಣೆಗಳದ್ದು ಇನ್ನೊಂದು ತಕರಾರು. 2012ರ ಸೆಪ್ಟೆಂಬರ್‌ನ ಕನಿಷ್ಠ ವಿಸ್ತಾರ 34.1 ಲಕ್ಷ ಚದರ ಕಿ.ಮೀ. ಅಂತ ಆಗ ಪ್ರಕಟವಾಯಿತು. ಈಗಿನ ಪಟ್ಟಿಯಲ್ಲಿ ಅದು 33.9 ಲಕ್ಷ. ಗಡ್ಡೆ ಆಮೇಲೆ ಬಂದು ಕರಗಿದ್ದಲ್ಲ, ಲೆಕ್ಕದ ವಿಧಾನವನ್ನು ತಿದ್ದಿದ್ದು. ಈ ವರ್ಷದ ಅಂಕಿಯನ್ನು ಹಳೆಯ ಪ್ರಕಟಣೆಯ ಜೊತೆ ಹೋಲಿಸಿದರೆ ಎರಡು ವಿಧಾನ ಬೆರೆತುಹೋಗುತ್ತವೆ. ಹೋಲಿಸುವ ಎರಡೂ ಅಂಕಿಗಳು ಇವತ್ತಿನ ಪಟ್ಟಿಯಿಂದಲೇ ಬರಬೇಕು.

2025ರಲ್ಲಿ ಇನ್ನೊಂದು ಪಾಠ ಸಿಕ್ಕಿತು. ಆ ಮಾರ್ಚ್ 22ರಂದು ಚಳಿಗಾಲದ ಗರಿಷ್ಠ ವಿಸ್ತಾರ 143.3 ಲಕ್ಷ ಚದರ ಕಿ.ಮೀ. ಆವರೆಗಿನ ಉಪಗ್ರಹ ದಾಖಲೆಯಲ್ಲೇ ಅದು ಅತಿ ಕಡಿಮೆ ಗರಿಷ್ಠ. ಸೆಪ್ಟೆಂಬರ್‌ನಲ್ಲೂ ದಾಖಲೆ ಗ್ಯಾರಂಟಿ ಅಂತ ಬರೆಯಲು ಕೈ ತುರಿಸುವುದು ಸಹಜ. ಸೆಪ್ಟೆಂಬರ್ ಬಂದಾಗ ಸುಮಾರು 46 ಲಕ್ಷಕ್ಕೆ ನಿಂತಿತು, 2012ರ ಕನಿಷ್ಠ ದಾಖಲೆಯ ಹತ್ತಿರಕ್ಕೂ ಹೋಗಲಿಲ್ಲ. ಬೇಸಿಗೆಯ ಗಾಳಿ, ಮೋಡ, ಬಿಸಿಲು ತಮ್ಮ ಆಟ ಆಡುತ್ತವೆ. ಹಾಗಂತ ಇಳಿಕೆ ನಿಂತಿದೆ ಅಂತಲ್ಲ. ಹತ್ತಾರು ವರ್ಷಗಳ ಗೆರೆ ಕೆಳಮುಖವಾಗಿಯೇ ಇದೆ.

ಇನ್ನು ನನಗೆ ಇಷ್ಟವಾದ ಭಾಗ, ಆ ಸಪ್ಪೆ ಚಟುವಟಿಕೆ ಕಾಲಂ. "ಮೂರಿಂಗ್ ಅನ್ನು ಯಶಸ್ವಿಯಾಗಿ ಮೇಲೆತ್ತಲಾಯಿತು" ಅನ್ನುವ ಒಂದು ಸಾಲು ಬರುತ್ತದೆ. ಮೂರಿಂಗ್ ಅಂದರೆ ಸಮುದ್ರದ ತಳಕ್ಕೆ ಲಂಗರು ಹಾಕಿ ನಿಲ್ಲಿಸಿದ ಉಪಕರಣಗಳ ಸರ. ಯಾರೂ ಓದುವುದಿಲ್ಲ. ನಾರ್ವೆಯ ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡನ್ ಎಂಬ ಕಿರಿದಾದ ಕೊಲ್ಲಿಯಲ್ಲಿ ಭಾರತ 2014ರಲ್ಲಿ ಇಳಿಸಿದ ಇಂಡ್‌ಆರ್ಕ್ ಇಂಥದ್ದೇ ಒಂದು. ಕೆಳಗೆ ಭಾರದ ಲಂಗರು, ಮೇಲೆ ಅದನ್ನು ನೆಟ್ಟಗೆ ಎಳೆದು ಹಿಡಿಯುವ ತೇಲುಗಳು, ನಡುವೆ ಹಗ್ಗದುದ್ದಕ್ಕೂ ಉಷ್ಣತೆ, ಉಪ್ಪಿನಂಶ, ನೀರಿನ ಹರಿವು ಅಳೆಯುವ ಉಪಕರಣಗಳು. ನೀರಿನಡಿಯಿಂದ ಉಪಗ್ರಹಕ್ಕೆ ಸಂಕೇತ ಹೋಗುವುದಿಲ್ಲ. ಹಾಗಾಗಿ ಇಂಥ ಮೂರಿಂಗ್‌ಗಳಲ್ಲಿ ಸಾಮಾನ್ಯವಾಗಿ ಇಡೀ ವರ್ಷದ ದಾಖಲೆ ಉಪಕರಣದ ಮೆಮೊರಿಯಲ್ಲೇ ಕೂತಿರುತ್ತದೆ.

ತೆಗೆಯಲು ಹಡಗಿನಿಂದ ನೀರಿಗೆ ಶಬ್ದದ ಸಂಕೇತ ಕಳಿಸುತ್ತಾರೆ. ಲಂಗರಿನ ಕೊಂಡಿ ಬಿಚ್ಚಿಕೊಳ್ಳುತ್ತದೆ. ಲಂಗರು ತಳದಲ್ಲೇ ಉಳಿಯುತ್ತದೆ, ಮಿಕ್ಕಿದ್ದು ಮೇಲೆ ಬರುತ್ತದೆ. ಗಡ್ಡೆ ಮುಚ್ಚಿದ ಕಡೆ ಆದರೆ ಮೇಲೆ ಬಂದದ್ದು ಗಡ್ಡೆಯ ಅಡಿಯಲ್ಲೇ ಸಿಕ್ಕಿಕೊಳ್ಳಬಹುದು. ಅದಕ್ಕೇ ತೆರೆದ ನೀರು ಸಿಗುವವರೆಗೆ ಹಡಗು ಕಾಯುತ್ತದೆ. ಉಪಕರಣ ಕೈಗೆ ಸಿಗದೇ ಹೋದರೆ ಆ ವರ್ಷದ ಸಮುದ್ರದ ಲೆಕ್ಕ ಹೋದ ಹಾಗೇ. ಚಳಿಗಾಲದಲ್ಲಿ ಅಟ್ಲಾಂಟಿಕ್‌ನ ಬೆಚ್ಚನೆ ನೀರು ಒಳಗೆ ನುಗ್ಗಿತೇ ಅನ್ನುವುದನ್ನು ಆ ಜಾಗದಲ್ಲಿ ವರ್ಷವಿಡೀ ಕೂತು ನೋಡುವುದು ಇಂಥ ಮೂರಿಂಗ್‌ಗಳೇ. ನನ್ನ ಪ್ರಕಾರ ಆ ಸಾಲು ಮುಖಪುಟಕ್ಕೆ ಹೋಗಬೇಕು. ಪ್ರತಿ ಸಲ ವಾದ ಮಾಡುತ್ತೇನೆ, ಜಾಸ್ತಿ ಸಲ ಸೋಲುತ್ತೇನೆ.

ಆರ್ಕ್ಟಿಕ್ ಯಾವಾಗ ಹಿಮರಹಿತ ಆಗುತ್ತೆ ಅಂತ ಓದುಗರು ಕೇಳುತ್ತಲೇ ಇರುತ್ತಾರೆ. ಅಂಥ ಸುದ್ದಿ ಬಂದಾಗೆಲ್ಲ ನಾನು ಒಂದು ಸಾಲು ಸೇರಿಸದೆ ಬಿಡುವುದಿಲ್ಲ: ವಿಜ್ಞಾನಿಗಳು ಹಿಮರಹಿತ ಅನ್ನುವುದು ವಿಸ್ತಾರ 10 ಲಕ್ಷ ಚದರ ಕಿ.ಮೀ.ಗಿಂತ ಕೆಳಗಿಳಿದಾಗ. ಆಗಲೂ ಗ್ರೀನ್‌ಲ್ಯಾಂಡ್‌ನ ಉತ್ತರ ತೀರ ಮತ್ತು ಕೆನಡಾದ ದ್ವೀಪಗಳ ಬಳಿ ಗಡ್ಡೆ ಉಳಿದಿರಬಹುದು. ಜಾಗ ಸಾಲದಿದ್ದರೆ ಚಿತ್ರ ಚಿಕ್ಕದು ಮಾಡಿ ಅನ್ನುತ್ತೇನೆ, ಆ ಸಾಲು ತೆಗೆಯಲು ಬಿಡುವುದಿಲ್ಲ.