ಕಾಸರಕೋಡಿನ ಕಾಂಡ್ಲಾ ಕಾಡು: ಇಳಿತ ಕೇಳಿಕೊಂಡು ಹೋಗಿ

ಹೊನ್ನಾವರದ ಕಡೆ ಹೊರಟಿದ್ದೀರಾ? ಹತ್ತಿರದ ಕಾಸರಕೋಡಿನಲ್ಲಿ ಕಾಂಡ್ಲಾ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಕಾಡು ನೋಡುವ ಆಸೆ ಇದ್ದರೆ, ಸಮುದ್ರದ ಇಳಿತಕ್ಕೆ ಹೊಳೆ ಯಾವಾಗ ಇಳಿಯುತ್ತದೆ ಅಂತ ಮೊದಲು ಕೇಳಿ. ನಾವು ಕೇಳದೆ ಒಂದು ಸಂಜೆ ಕಳೆದುಕೊಂಡೆವು.

ಶರಾವತಿ ಸೇತುವೆ ಹತ್ತಿರ ದೋಣಿಯವನೊಬ್ಬ ಸಿಕ್ಕಿದ. "ಒಂದು ಗಂಟೆ ಸರ್, ಕಾಂಡ್ಲಾ ಪೂರ್ತಿ ತೋರಿಸ್ತೇನೆ" ಎಂದ. ನಾಲ್ವರಿಗೆ 1,600 ರೂಪಾಯಿ, ಅದೂ ಮೊದಲೇ. ಹೊಳೆ ತುಂಬಿತ್ತು, ಬರೀ ಸೊಪ್ಪು ಕಾಣುತ್ತಿತ್ತು. ಇಂಜಿನ್ ಸದ್ದು, ಅದರ ಮೇಲೆ ಸ್ಪೀಕರ್ ಹಾಡು. ಹಕ್ಕಿಗಳೆಲ್ಲ ನಾವು ಬರುವ ಮುಂಚೆಯೇ ಎದ್ದು ಹೋದವು. 25 ನಿಮಿಷಕ್ಕೆ ದಡ ಸೇರಿಸಿ "ಕತ್ತಲಾಯ್ತಲ್ಲ" ಅಂದ. ಮಗಳಿಗೆ ಅಳುವೇ ಬಂತು. ದಯವಿಟ್ಟು ಪೂರ್ತಿ ದುಡ್ಡು ಮುಂಗಡ ಕೊಡಬೇಡಿ.

ರಾತ್ರಿ ಊಟಕ್ಕೆ ಸಿಕ್ಕಿದ್ದು ನಾಲ್ಕೇ ಬೆಂಚಿನ ಪುಟ್ಟ ಹೋಟೆಲು. ಕುಚ್ಚಲಕ್ಕಿ ಅನ್ನ, ಜುಮ್ಮನಕಾಯಿ ಅನ್ನೋ ಮಸಾಲೆ ಕಾಯಿ ಹಾಕಿದ ಬಂಗುಡೆ ಸಾರು, ರವೆ ಹಚ್ಚಿ ಹುರಿದ ಒಂದು ಬಂಗುಡೆ, ಕೊನೆಗೆ ಕುಡಿಯಲು ಮುರುಗಲು ಹುಳಿಯ ಸೋಲ್ ಕಡಿ. 90 ರೂಪಾಯಿ! ಸಾರು ಖಾಲಿಯಾಗುವ ಮುಂಚೆಯೇ ಅಕ್ಕ ಬಂದು ಬಡಿಸುತ್ತಿದ್ದರು. ಆ ಜುಮ್ಮನಕಾಯಿ ಘಮ ಇನ್ನೂ ನೆನಪಿದೆ. ನಮ್ಮ ಕತೆ ಕೇಳಿ ಅವರೇ ಹೇಳಿದರು: "ಭರತದಲ್ಲಿ ಹೋದ್ರೆ ಎಂತ ಕಾಣ್ತದೆ? ನಾಳೆ ಹನ್ನೊಂದರ ಮೇಲೆ ಹೋಗಿ, ನೀರು ಇಳಿದಿರ್ತದೆ."

ಹೋದೆವು. ಅರಣ್ಯ ಇಲಾಖೆಯವರು ಕಾಂಡ್ಲಾ ನಡುವೆ ಮರದ ಕಾಲುದಾರಿ ಮಾಡಿದ್ದಾರೆ. ನಿನ್ನೆ ನೀರಿದ್ದ ಕಡೆಯೆಲ್ಲ ಕೆಸರು, ಕೆಸರಿನ ತುಂಬ ಜೀವ. ರೈಜೋಫೋರಾ ಗಿಡಗಳು ಹತ್ತಾರು ಊರುಗೋಲು ಹಿಡಿದವರ ಹಾಗೆ ಬೇರೂರಿ ನಿಂತಿದ್ದವು. ಅದರ ಬೀಜ ಮರದಲ್ಲಿದ್ದಾಗಲೇ ಮೊಳೆಯುತ್ತದೆ. ನುಗ್ಗೆಕಾಯಿಯಂತೆ ನೇತಾಡುತ್ತಿದ್ದ ಮೊಳಕೆಗಳ ಕೆಳಗೆ, ಹಾಗೇ ಬಿದ್ದು ನೆಟ್ಟಗೆ ನಾಟಿಕೊಂಡ ಒಂದಕ್ಕೆ ಎರಡು ಎಲೆ ಬಂದಿತ್ತು. ಅವಿಸೆನ್ನಿಯಾ ಅನ್ನೋ ಇನ್ನೊಂದು ಕಾಂಡ್ಲಾ ಗಿಡದ ಎಲೆ ಉಪ್ಪನ್ನು ಹೊರಹಾಕುತ್ತದೆ ಅಂತ ನಾನು ಅಂದಾಗ ಮಗಳು ಒಂದು ಎಲೆಗೆ ಬೆರಳು ಒರೆಸಿ ನೆಕ್ಕಿ ನೋಡಿದಳು. ನಿಜಕ್ಕೂ ಉಪ್ಪು! ಕೆಳಗೆ ಗಂಡು ಫಿಡ್ಲರ್ ಏಡಿಗಳು ಒಂದೇ ದೊಡ್ಡ ಕೊಂಬು ಎತ್ತಿ ಎತ್ತಿ ಆಡಿಸುತ್ತಿದ್ದವು. ಮಡ್‌ಸ್ಕಿಪ್ಪರ್ ಮೀನು ರೆಕ್ಕೆ ಊರಿ ಕೆಸರಿನ ಮೇಲೆ ತೆವಳುವುದನ್ನು ನಾನು ನೋಡಿದ್ದು ಇದೇ ಮೊದಲು. ಸುಮ್ನೆ ಐದು ನಿಮಿಷ ಅಲುಗಾಡದೆ ನಿಲ್ಲಬೇಕು, ಅಷ್ಟೇ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ನಮ್ಮ ಹೊತ್ತು ನಿಮಗೆ ಆಗುವುದಿಲ್ಲ, ಮೀನುಗಾರರನ್ನು ಕೇಳಿ. ಟೋಪಿ, ನೀರು ಇರಲಿ. ಭಾನುವಾರ ಮಾತ್ರ ಬೇಡ. ಹತ್ತಿರದ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ ಮೇಲೆ ಈ ಕಡೆ ಜನ ಜಾಸ್ತಿ. ಮರದ ದಾರಿ ಮೇಲೆ ಮಕ್ಕಳು ಧಡಧಡ ಓಡಿದರೆ ಏಡಿಗಳೆಲ್ಲ ಬಿಲ ಸೇರುತ್ತವೆ.