ಪೋರಸನ ಬಿಲ್ಲು: ಮೂರನೆಯದು ಮುರಿಯಲಿಲ್ಲ

ಕೊನೆಗೂ ಒಂದು ಬಿಲ್ಲು ಉಳಿಯಿತು! ನಿನ್ನೆ ಸಂಜೆ 30 ಬಾಣ ಬಿಟ್ಟೆ. ರಾತ್ರಿ ದೀಪದಡಿ ಉದ್ದಕ್ಕೂ ಬೆರಳಾಡಿಸಿ ನೋಡಿದರೂ ಎಲ್ಲೂ ಸೀಳಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಆಲಿವರ್ ಸ್ಟೋನ್ ಅವರ 2004ರ ‘ಅಲೆಕ್ಸಾಂಡರ್’ ಚಿತ್ರವನ್ನು ನಾನು ದೃಶ್ಯ ದೃಶ್ಯವಾಗಿ ಒರೆಗೆ ಹಚ್ಚುತ್ತಿದ್ದೇನೆ. ಪೋರಸನ ಕಾಲಾಳುಗಳ ಬಿಲ್ಲನ್ನು ಬಿದಿರಿನಲ್ಲಿ ಮಾಡಿ ನೋಡುತ್ತಿರುವುದೂ ಅದಕ್ಕೇ. ಪರ್ಷಿಯನ್ನರೊಡನೆ ನಡೆದ ಗೌಗಮೇಲ ಕಾಳಗಕ್ಕೆ ಧಾರಾಳವಾಗಿಯೇ ಅಂಕ ಕೊಟ್ಟೆ. ಸಲಹೆಗಾರರಾಗಿದ್ದ ಇತಿಹಾಸಕಾರ ರಾಬಿನ್ ಲೇನ್ ಫಾಕ್ಸ್ ತಾವೇ ಕುದುರೆಯೇರಿ ಆ ದಂಡಿನಲ್ಲಿ ನುಗ್ಗಿದ್ದರು, ಆ ಶ್ರದ್ಧೆ ತೆರೆಯ ಮೇಲೆ ಕಾಣುತ್ತದೆ. ಭಾರತಕ್ಕೆ ಬಂದಾಗಲೇ ಪೇಚು. ಕ್ರಿ.ಪೂ. 326ರಲ್ಲಿ ಝೇಲಂ ದಂಡೆಯ ಬಯಲಲ್ಲಿ ದೊರೆ ಪೋರಸನೊಡನೆ ನಡೆದ ಯುದ್ಧ ಚಿತ್ರದಲ್ಲಿ ದಟ್ಟ ಕಾಡಿಗೆ ಹೋಗಿದೆ. ಆಮೇಲೆ ಮಲ್ಲ (ಮಾಲವ) ಜನರ ಕೋಟೆಯಲ್ಲಿ ಅಲೆಕ್ಸಾಂಡರನ ಎದೆಗೆ ನೆಟ್ಟ ಬಾಣವೂ ಇಲ್ಲಿಗೇ ಬಂದಿದೆ. ಬಾಣದ್ದನ್ನು ಕ್ಷಮಿಸಬಹುದು, ಮೂರು ಗಂಟೆಯಲ್ಲಿ ಒಂದು ಬದುಕನ್ನು ಹೇಳಬೇಕಲ್ಲ. ನೆಲ ಬದಲಾಯಿಸಿದ್ದನ್ನು ಕ್ಷಮಿಸಲಾರೆ. ಏಕೆಂದು ಈ ಬಿಲ್ಲೇ ಹೇಳಿತು.

ಅಲೆಕ್ಸಾಂಡರನ ಚರಿತ್ರೆ ಬರೆದ ಗ್ರೀಕ ಲೇಖಕ ಅರ್ರಿಯನ್ ತನ್ನ ‘ಇಂಡಿಕಾ’ದಲ್ಲಿ, ಭಾರತದ ಕಾಲಾಳುಗಳ ಬಿಲ್ಲು ಆಳೆತ್ತರ, ಅದನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಹೆದೆ ಎಳೆಯುತ್ತಾರೆ, ಬಾಣ ಮೂರು ಮೊಳಕ್ಕೆ ತುಸು ಕಮ್ಮಿ ಎನ್ನುತ್ತಾನೆ. ಕಾಲನ್ನು ಎಲ್ಲಿ ಒತ್ತಬೇಕೆಂದು ಹೇಳಿಲ್ಲ. ನನ್ನ ಎರಡು ತಿಂಗಳನ್ನು ತಿಂದದ್ದು ಅದೊಂದೇ.

ಮೊದಲ ಬಿಲ್ಲಿಗೆ ಕೆಳದೋಳಿನ ನಡುವೆ ಪಾದ ಇಟ್ಟೆ. ಕೆಳಗಿನ ಅರ್ಧ ಬಾಗುವುದನ್ನೇ ಬಿಟ್ಟಿತು, ಭಾರವೆಲ್ಲ ಮೇಲಕ್ಕೆ ಹೋಗಿ ಹಿಡಿಯ ಮೇಲೆ ಚಟ್ಟನೆ ಮುರಿಯಿತು. ಎರಡನೆಯದರ ಕೆಳದೋಳನ್ನು ದಪ್ಪ ಬಿಟ್ಟೆ. ಅದೂ ಅಲ್ಲೇ ಹೋಯಿತು. ಅದರಲ್ಲಿ ಬಿದಿರಿನ ತಪ್ಪೂ ಇತ್ತು. ‘ವರ್ಷ ಒಣಗಿದ ಗಳ’ ಎಂದು ಮಂಡಿಯವರು ಆಣೆ ಹಾಕಿ ಕೊಟ್ಟದ್ದು, ಹೆರೆದರೆ ಕೈಯೆಲ್ಲ ತೇವ. ಮೂರನೆಯದಕ್ಕೆ ಮೇದರ ಅಜ್ಜನೊಬ್ಬರ ಬಳಿ ಹೋಗಿ, ಅಟ್ಟದ ಮೇಲೆ ಹೊಗೆ ಕುಡಿದ ಕಿರುಬಿದಿರನ್ನು ತಂದೆ. ಈ ಬಾರಿ ಪಾದವನ್ನು ಕೆಳತುದಿಯ ಹೆದೆಕಚ್ಚಿನಿಂದ ನಾಲ್ಕು ಬೆರಳು ಮೇಲೆ ಇಟ್ಟೆ, ಅಷ್ಟೆ. ಕಾಲು ಬಿಲ್ಲನ್ನು ಬಾಗಿಸಲು ಅಲ್ಲ, ತುದಿ ಜಾರದಂತೆ ತಡೆಯಲು! ಎರಡು ತೋಳೂ ಸಮನಾಗಿ ಬಾಗಿದವು. ಉದ್ದನೆಯ ಬಾಣವನ್ನು ಪೂರ್ತಿ ಎಳೆಯಬೇಕಿಲ್ಲ, ಕಿವಿಯವರೆಗೆ ಸಾಕು, ಮಿಕ್ಕದ್ದು ಮುಂದೆ ಚಾಚಿಕೊಂಡಿರುತ್ತದೆ.

ಹಾಗಾದರೆ ತುದಿ ಜಾರಿದರೆ? ಯುದ್ಧಕ್ಕೆ ಮುನ್ನ ಸುರಿದ ಮಳೆಗೆ ನೆಲ ಜಾರುತ್ತಿತ್ತು, ಭಾರತೀಯರಿಗೆ ಬಿಲ್ಲೂರಲು ಆಗಲಿಲ್ಲ ಎಂದು ರೋಮಿನ ಇತಿಹಾಸಕಾರ ಕರ್ಟಿಯಸ್ ಬರೆಯುತ್ತಾನೆ. ಅರ್ರಿಯನ್ ಮಾತ್ರ, ಪೋರಸನು ಜೇಡಿಯಿಲ್ಲದ, ಗಟ್ಟಿ ಮರಳಿನ ಸಮನೆಲವನ್ನೇ ಆರಿಸಿದ ಎನ್ನುತ್ತಾನೆ. ಇಬ್ಬರನ್ನೂ ಪರೀಕ್ಷಿಸಿದೆ. ಒಣ ಕೆಂಪು ನೆಲದಲ್ಲಿ 10 ಬಾಣ, ತೊಂದರೆಯಿಲ್ಲ. ಹೊಳೆದಂಡೆಯ ಒದ್ದೆ ಮರಳಲ್ಲಿ 10, ತುದಿ ಅರ್ಧ ಅಂಗುಲ ಇಳಿದು ಕಚ್ಚಿ ನಿಂತಿತು, ಒಣ ನೆಲಕ್ಕಿಂತ ವಾಸಿ. ಗದ್ದೆಯ ಜೇಡಿಯಲ್ಲಿ 10, ಏಳು ಸಲ ತುದಿ ಜಾರಿ ಬಾಣ ಬದುವಿಗೆ ಹೊಡೆಯಿತು. ಪೋರಸ ಮರಳು ಹುಡುಕಿದ್ದು ರಥ, ಕುದುರೆಗಳಿಗಷ್ಟೇ ಅಲ್ಲ, ಬಿಲ್ಲಾಳುಗಳಿಗೂ ಇರಬೇಕೆಂದು ನನ್ನ ಊಹೆ. ನೆಲವನ್ನು ಅಷ್ಟು ಯೋಚಿಸಿ ಆರಿಸಿದ ದೊರೆಯನ್ನು ಮರಗಳ ನಡುವೆ ನಿಲ್ಲಿಸಿದರೆ ಅವನ ಬುದ್ಧಿಯನ್ನೇ ಕಿತ್ತುಕೊಂಡ ಹಾಗೆ. ಈ ದೃಶ್ಯಕ್ಕೆ ಹತ್ತಕ್ಕೆ ಮೂರು.

ಹೆದೆ ಮಾತ್ರ ಇನ್ನೂ ನೈಲಾನ್, ನೋಡಿದಾಗಲೆಲ್ಲ ಮುಳ್ಳು ಚುಚ್ಚಿದಂತಾಗುತ್ತದೆ. 1909ರಲ್ಲಿ ನಮ್ಮ ಮೈಸೂರಿನಲ್ಲೇ ಶಾಮಾಶಾಸ್ತ್ರಿಗಳು ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಹೆದೆಯ ನಾರುಗಳ ಪಟ್ಟಿಯಿದೆ, ಮೂರ್ವವೆಂಬ ನಾರಿನ ಗಿಡದ ಪಕ್ಕದಲ್ಲೇ ಅರ್ಕ, ಅಂದರೆ ಬೇಲಿಯ ಎಕ್ಕ! ಒಂದು ಹೊರೆ ಕಡ್ಡಿ ತಂದು ಹಿತ್ತಿಲಲ್ಲಿ ಹರವಿದ್ದೇನೆ. ಅದರ ಹಾಲು ಕಣ್ಣಿಗೆ ತಾಗಬಾರದು, ಪೂರ್ತಿ ಒಣಗಿದ ಮೇಲೆಯೇ ನಾರು ಸುಲಿಯುವುದು.